ಲಾಮೇಕರ್ ಅಂದರೆ ಶಾಸಕರೋ, ಸಂಸದರೋ? ಪದ ಬಳಸುವ ಮೊದಲು ನೋಡಬೇಕಾದ್ದು

ಶಿರಸಿಯಲ್ಲಿ ನನ್ನ ಹತ್ತಿರ ಅನುವಾದ ಕಲಿಯಲು ಕೆಲವು ಹುಡುಗ ಹುಡುಗಿಯರು ಬರುತ್ತಾರೆ. ಹೆಚ್ಚಿನವರು ಡಿಗ್ರಿ ಮುಗಿಸಿದವರು, ಕೆಲವರು ಕೆಎಎಸ್‌ಗೆ ಓದುತ್ತಿರುವವರು. ಮೊನ್ನೆ ಅವರಿಗೆ ಇಂಗ್ಲಿಷ್ ಸುದ್ದಿಯ ಒಂದು ಸಾಲು ಕೊಟ್ಟಿದ್ದೆ. ವಿರೋಧ ಪಕ್ಷದ ಲಾಮೇಕರ್‌ಗಳು ಸದನದ ವೆಲ್‌ಗೆ (ಸ್ಪೀಕರ್ ಪೀಠದ ಮುಂದಿನ ಜಾಗಕ್ಕೆ) ನುಗ್ಗಿ ಘೋಷಣೆ ಕೂಗಿದರು ಅನ್ನುವ ಸಾಲು. ಸಿದ್ದಾಪುರ ಕಡೆಯ ಹುಡುಗಿಯೊಬ್ಬಳು ನೋಟ್‌ಬುಕ್ ತಂದು ತೋರಿಸಿದಳು. ಮೊದಲು ಪೆನ್ಸಿಲ್‌ನಲ್ಲಿ 'ವಕೀಲರು' ಅಂತ ಬರೆದಿದ್ದಳು. ಅದನ್ನು ಅಳಿಸಿ 'ಕಾನೂನು ತಯಾರಕರು' ಅಂತ ಮಾಡಿದ್ದಳು. ಅದನ್ನೂ ಹೊಡೆದು ಹಾಕಿ, ಮೇಲೆ ಚಿಕ್ಕ ಅಕ್ಷರದಲ್ಲಿ 'ಮಂತ್ರಿಗಳು' ಅಂತ ಬರೆದು ಪ್ರಶ್ನೆ ಚಿಹ್ನೆ ಇಟ್ಟಿದ್ದಳು. ರಬ್ಬರ್ ತಿಕ್ಕಿ ತಿಕ್ಕಿ ಕಾಗದ ಅಲ್ಲಿ ತೆಳ್ಳಗಾಗಿತ್ತು.

ಮೂರೂ ತಪ್ಪು. ಆದರೆ ಮೂರಕ್ಕೂ ಕಾರಣ ಇದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಈ ಪದ ಈಗ ಇಂಗ್ಲಿಷ್ ಪತ್ರಿಕೆ, ಟಿವಿ, ಮೊಬೈಲ್ ಸುದ್ದಿ ಎಲ್ಲ ಕಡೆ ಸಿಗುತ್ತದೆ. ಓದುವಾಗ ಅರ್ಥ ಆಯಿತು ಅನಿಸುತ್ತದೆ. ಕನ್ನಡದಲ್ಲಿ ಬರೆಯಲು ಕೂತಾಗ ಕೈ ನಿಲ್ಲುತ್ತದೆ.

ಮೊದಲು ಮೂರು ಕುರ್ಚಿಗಳನ್ನು ಬೇರೆ ಮಾಡಿಕೊಳ್ಳಿ. ಶಾಲೆಯಲ್ಲಿ ಓದಿದ್ದೇ: ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ. ಲಾಮೇಕರ್ ಕೂರುವುದು ಶಾಸಕಾಂಗದ ಕುರ್ಚಿಯಲ್ಲಿ, ಅಂದರೆ ಕಾನೂನಿಗೆ ಮತ ಹಾಕುವ ಸದನದಲ್ಲಿ. ವಕೀಲರು, ಅಂದರೆ ಲಾಯರ್, ಕೋರ್ಟಿನಲ್ಲಿ ವಾದ ಮಾಡುವವರು. 'ಲಾ' ಅನ್ನುವ ಒಂದೇ ಶಬ್ದ ಕೇಳಿ ಎರಡನ್ನೂ ಬೆರೆಸುವುದು ಬಹಳ ಸಾಮಾನ್ಯ ತಪ್ಪು. ಪೊಲೀಸರನ್ನು ಕಾನೂನು ಪಾಲಕರು ಅನ್ನುತ್ತೇವಲ್ಲ, ಅವರೂ ಲಾಮೇಕರ್ ಅಲ್ಲ. ಮಂತ್ರಿಗಳ ವಿಷಯ ಮಾತ್ರ ಸ್ವಲ್ಪ ಸೂಕ್ಷ್ಮ. ಮಂತ್ರಿ ಕಾರ್ಯಾಂಗದವರು, ಆದರೆ ಸಾಮಾನ್ಯವಾಗಿ ಸದನದ ಸದಸ್ಯರೂ ಆಗಿರುತ್ತಾರೆ. ಸದಸ್ಯರಲ್ಲದವರನ್ನೂ ಮಂತ್ರಿ ಮಾಡಬಹುದು, ಆದರೆ 6 ತಿಂಗಳೊಳಗೆ ಅವರು ಯಾವುದಾದರೂ ಸದನದ ಸದಸ್ಯರಾಗಬೇಕು. ಸುದ್ದಿಯಲ್ಲಿ ಮಂತ್ರಿಯಾಗಿ ಮಾಡಿದ ಕೆಲಸದ ಮಾತು ಬಂದರೆ ಮಂತ್ರಿ ಅಂತಲೇ ಬರೆಯಿರಿ. ಅಲ್ಲಿ ಲಾಮೇಕರ್ ಅನ್ನುವುದು ತಪ್ಪಲ್ಲದಿದ್ದರೂ ಓದುಗರಿಗೆ ವಿಷಯ ಮಸುಕಾಗುತ್ತದೆ.

'ಕಾನೂನು ತಯಾರಕರು' ಯಾಕೆ ಬೇಡ? ತಯಾರಕರು ಅಂದರೆ ನಮಗೆ ಸೋಪು, ಪೈಪು ಮಾಡುವ ಕಂಪನಿ ನೆನಪಾಗುತ್ತದೆ. ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಪದ ಮೊದಲೇ ಇದೆ: ಶಾಸಕ. ಇದು ಶಾಸನ ಅನ್ನುವ ಪದದ ಮನೆಯದು. ಬನವಾಸಿಗೆ ಹೋದರೆ ಮಧುಕೇಶ್ವರ ದೇವಸ್ಥಾನದಲ್ಲಿ ಕಲ್ಲಿನ ಮೇಲೆ ಕೊರೆದ ಶಾಸನಗಳನ್ನು ನೋಡಬಹುದು. ಅಲ್ಲಿನ ನಾಗಶಿಲೆಯ ಮೇಲೆ ಪ್ರಾಕೃತ ಭಾಷೆಯ ಬರಹ ಇದೆ, ಕದಂಬರಿಗಿಂತಲೂ ಹಿಂದಿನದು. ದಾನ, ಅಪ್ಪಣೆ, ತೀರ್ಮಾನ ಇವನ್ನು ಕಲ್ಲಿನಲ್ಲಿ ಕೊರೆಸಿದರೆ ಅದು ಶಾಸನ. ಇವತ್ತು ಸದನ ಒಪ್ಪಿದ ಕಾಯ್ದೆಯನ್ನೂ ಶಾಸನ ಅನ್ನುತ್ತೇವೆ, ಅದನ್ನು ಮಾಡುವವರು ಶಾಸಕರು. ಒಂದೇ ಪದ ಕಲ್ಲಿನಿಂದ ಸದನದ ತನಕ ನಡೆದು ಬಂದಿದೆ. ನನಗೆ ಇದು ಬಹಳ ಇಷ್ಟವಾದ ಪದ.

ಆದರೆ ಇಲ್ಲೇ ಎರಡನೇ ತೊಡಕು. ಕನ್ನಡದಲ್ಲಿ ಶಾಸಕ ಅಂದ ಕೂಡಲೇ ಎಂಎಲ್‌ಎ ಅಂತಲೇ ಅರ್ಥ. ಇಂಗ್ಲಿಷಿನ ಲಾಮೇಕರ್ ಅಷ್ಟು ಚಿಕ್ಕ ಪದ ಅಲ್ಲ. ಎಂಎಲ್‌ಎ, ಎಂಎಲ್‌ಸಿ, ಲೋಕಸಭೆಯ ಎಂಪಿ, ರಾಜ್ಯಸಭೆಯ ಎಂಪಿ, ಅಮೆರಿಕದ ಸೆನೆಟರ್, ಎಲ್ಲರೂ ಅದರೊಳಗೆ ಬರುತ್ತಾರೆ. ಹಾಗಾಗಿ ಎರಡನೇ ಹೆಜ್ಜೆ: ಪದವನ್ನು ಬಿಟ್ಟು ಮೊದಲು ಸದನ ಯಾವುದು ಅಂತ ಹುಡುಕಿ.

ಇದನ್ನು ನಾನು ಪೆಟ್ಟು ತಿಂದು ಕಲಿತಿದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಪತ್ರಿಕೆಗೆ ಸುದ್ದಿ ಅನುವಾದ ಮಾಡಿ ಕೊಡುತ್ತಿದ್ದೆ. ಒಂದು ರಾತ್ರಿ ಬಂದ ಸುದ್ದಿಯಲ್ಲಿ ಲಾಮೇಕರ್ಸ್ ಅಂತ ಇತ್ತು, ನಾನು ಶಾಸಕರು ಅಂತ ಬರೆದೆ. ಸುದ್ದಿ ರಾಜ್ಯಸಭೆಯದ್ದು. ಅಲ್ಲಿ ಗದ್ದಲ ಮಾಡಿದವರು ಸಂಸದರು. ಯಾರೂ ಗಮನಿಸದೆ ಅದು ಹಾಗೇ ಅಚ್ಚಾಯಿತು. ಬೆಳಿಗ್ಗೆ ಕುಮಟಾದಿಂದ ಹಿರಿಯ ಓದುಗರೊಬ್ಬರು ಫೋನ್ ಮಾಡಿ, ನಮ್ಮ ಎಂಎಲ್‌ಎಗಳು ದೆಹಲಿಗೆ ಹೋಗಿದ್ದು ಯಾವಾಗ ಅಂತ ಕೇಳಿದರು. ಆಮೇಲೆ ಪ್ರತಿ ಸಲ ಸುದ್ದಿಯನ್ನು ಪೂರ್ತಿ ಓದಿ, ಸದನದ ಹೆಸರಿನ ಕೆಳಗೆ ಗೆರೆ ಎಳೆದುಕೊಂಡು, ಆಮೇಲೆ ಬರೆಯಲು ಶುರು ಮಾಡುವ ಅಭ್ಯಾಸ ಬಂತು. ನೀವೂ ಹಾಗೇ ಮಾಡಿ.

ಸದನ ಗೊತ್ತಾದರೆ ಉಳಿದಿದ್ದು ಸುಲಭ. ವಿಧಾನಸಭೆಯಾದರೆ ಶಾಸಕರು. ನಮ್ಮಲ್ಲಿ 224 ಜನ. ವಿಧಾನ ಪರಿಷತ್ತಾದರೆ 'ವಿಧಾನ ಪರಿಷತ್ ಸದಸ್ಯರು', 75 ಜನ. ಲೋಕಸಭೆ, ರಾಜ್ಯಸಭೆಯಾದರೆ ಸಂಸದರು. ಕರ್ನಾಟಕದಿಂದ ಲೋಕಸಭೆಗೆ 28, ರಾಜ್ಯಸಭೆಗೆ 12. ಅಮೆರಿಕದ ಸುದ್ದಿಯಾದರೆ 100 ಜನರ ಸೆನೆಟ್, 435 ಜನರ ಪ್ರತಿನಿಧಿ ಸಭೆ. ಅಲ್ಲಿಯವರನ್ನು ಶಾಸಕರು, ಸಂಸದರು ಅನ್ನುವ ಬದಲು 'ಸೆನೆಟರ್‌ಗಳು', 'ಅಮೆರಿಕ ಸಂಸತ್ತಿನ ಸದಸ್ಯರು' ಅಂದರೆ ಗೊಂದಲ ಇಲ್ಲ. ಸುದ್ದಿಯಲ್ಲಿ ಬೇರೆ ಬೇರೆ ಸದನದವರು ಸೇರಿದ್ದರೆ 'ಜನಪ್ರತಿನಿಧಿಗಳು' ಅನ್ನಬಹುದು. ಆದರೆ ಅದನ್ನು ಜಾಸ್ತಿ ಬಳಸಬೇಡಿ, ಯಾಕೆಂದರೆ ಪಂಚಾಯಿತಿ ಸದಸ್ಯರೂ ಜನಪ್ರತಿನಿಧಿಗಳೇ.

ಪಂಚಾಯಿತಿ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಗ್ರಾಮ ಪಂಚಾಯಿತಿ ಸದಸ್ಯರನ್ನು, ಕಾರವಾರ ಅಥವಾ ಶಿರಸಿ ನಗರಸಭೆ ಸದಸ್ಯರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಲಾಮೇಕರ್ ಅನ್ನಬೇಡಿ. ಅವರೂ ಉಪವಿಧಿಗಳನ್ನು ಮಾಡುತ್ತಾರೆ ನಿಜ, ಆದರೆ ಆ ಪದ ಅಲ್ಲಿಯವರೆಗೆ ಇಳಿಯುವುದಿಲ್ಲ. ನಗರಸಭೆಯವರಿಗೆ ಕೌನ್ಸಿಲರ್ ಸರಿ. ಸ್ಪೆಲ್ಲಿಂಗ್ ಒಮ್ಮೆ ನೋಡಿಕೊಳ್ಳಿ: ನಡುವೆ 'ಸಿ' ಬಂದರೆ ನಗರಸಭೆ ಸದಸ್ಯ, 'ಎಸ್' ಬಂದರೆ ಆಪ್ತ ಸಲಹೆಗಾರ.

ನಮ್ಮ ಜಿಲ್ಲೆಯವರಿಗೆ ಸದನ ಹುಡುಕುವುದರ ಜೊತೆಗೆ ಕ್ಷೇತ್ರ ಹುಡುಕುವುದೂ ಒಂದು ಕೆಲಸ. ಬನವಾಸಿ ಇರುವುದು ಶಿರಸಿ ತಾಲೂಕಿನಲ್ಲಿ, ಆದರೆ ಮತ ಹಾಕುವುದು ಯಲ್ಲಾಪುರ ಕ್ಷೇತ್ರಕ್ಕೆ. ಕಾರವಾರ ಕ್ಷೇತ್ರದಲ್ಲಿ ಅಂಕೋಲಾ ಸೇರಿದೆ. ಶಿರಸಿ ಕ್ಷೇತ್ರದಲ್ಲಿ ಸಿದ್ದಾಪುರ ಸೇರಿದೆ. ಜೋಯಿಡಾ, ದಾಂಡೇಲಿಯವರ ಶಾಸಕರು ಹಳಿಯಾಳದವರು. ಹೊನ್ನಾವರ ತಾಲೂಕಂತೂ ಕುಮಟಾ, ಭಟ್ಕಳ ಎರಡು ಕ್ಷೇತ್ರಗಳಿಗೆ ಹಂಚಿಹೋಗಿದೆ. ಇನ್ನು ಉತ್ತರ ಕನ್ನಡ ಲೋಕಸಭಾ ಕ್ಷೇತ್ರದೊಳಗೆ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರು ಬಂದಿವೆ. ಹಾಗಾಗಿ 'ಉತ್ತರ ಕನ್ನಡದ ಲಾಮೇಕರ್' ಅಂತ ಇಂಗ್ಲಿಷಿನಲ್ಲಿ ಬರೆದರೆ ಸಂಸದರೋ, ಜಿಲ್ಲೆಯ ಆರು ಶಾಸಕರಲ್ಲಿ ಒಬ್ಬರೋ ಗೊತ್ತಾಗುವುದಿಲ್ಲ.

ಎಂಎಲ್‌ಸಿಗಳನ್ನು ನಾವು ಬೇಗ ಮರೆಯುತ್ತೇವೆ. ಶಿರಸಿಯ ಹೈಸ್ಕೂಲ್ ಮೇಷ್ಟ್ರಿಗೆ ಒಬ್ಬ ಶಾಸಕರ ಜೊತೆಗೆ ಪಶ್ಚಿಮ ಶಿಕ್ಷಕರ ಕ್ಷೇತ್ರದ ಪರಿಷತ್ ಸದಸ್ಯರೂ ಇದ್ದಾರೆ. ಬಸವರಾಜ ಹೊರಟ್ಟಿಯವರು 2022ರಲ್ಲಿ ಎಂಟನೇ ಸಲ ಗೆದ್ದಿದ್ದು ಆ ಕ್ಷೇತ್ರದಿಂದಲೇ. ಪಕ್ಕದ ಗೋವಾದಲ್ಲಿ ಪರಿಷತ್ತೇ ಇಲ್ಲ. ಕಾರವಾರದಿಂದ ಕಾಳಿ ದಾಟಿ ಮಾಜಾಳಿ ಗಡಿ ಬಿಟ್ಟರೆ 40 ಜನರ ಒಂದೇ ಸದನ. ಕಾರವಾರದ ಕೊಂಕಣಿ, ಮರಾಠಿ ಮಾತಾಡುವವರ ಬಾಯಲ್ಲಿ ಎಂಎಲ್‌ಎಗೆ ಆಮದಾರ, ಎಂಪಿಗೆ ಖಾಸದಾರ ಅನ್ನುವ ಪದಗಳು ಬರುತ್ತವೆ, ಕೇಳಿರಬಹುದು. ಅವರಿಗೆ ನಾನು ಹೀಗೆ ಹೇಳಿಕೊಡುತ್ತೇನೆ: ಆಮದಾರರೂ ಖಾಸದಾರರೂ ಇಬ್ಬರೂ ಕೂರುವಷ್ಟು ದೊಡ್ಡ ಜಗಲಿ ಲಾಮೇಕರ್. ತಕ್ಷಣ ಅರ್ಥವಾಗುತ್ತದೆ.

ಈಗ ಪಕ್ಕದ ಪದಗಳು. ಲೆಜಿಸ್ಲೇಟರ್ ಅಂದರೂ ಇದೇ ಅರ್ಥ, ಸ್ವಲ್ಪ ಗಂಭೀರವಾದ ಪದ. ಲ್ಯಾಟಿನ್‌ನಿಂದ ಬಂದಿದ್ದು. ಮೂಲದಲ್ಲಿ ಕಾನೂನನ್ನು ಹೊತ್ತು ತಂದು ಮುಂದಿಡುವವರು ಅಂತ ಅರ್ಥ. ಭಾರತದ ಇಂಗ್ಲಿಷಿನಲ್ಲಿ ಲೆಜಿಸ್ಲೇಟರ್ ಅಂದರೆ ಹೆಚ್ಚಾಗಿ ರಾಜ್ಯದವರು, ಪಾರ್ಲಿಮೆಂಟೇರಿಯನ್ ಅಂದರೆ ಸಂಸತ್ತಿನವರು. ಪಾರ್ಲಿಮೆಂಟ್ ಅನ್ನುವುದರ ಬೇರು ಫ್ರೆಂಚಿನ 'ಮಾತಾಡು' ಅನ್ನುವ ಕ್ರಿಯಾಪದ. ಜೋರಾಗಿ ಓದುವಾಗ ಒಂದು ಎಚ್ಚರ: ಲೆಜಿಸ್ಲೇಟರ್ ವ್ಯಕ್ತಿ, ಲೆಜಿಸ್ಲೇಚರ್ ಸದನ, ಲೆಜಿಸ್ಲೇಷನ್ ಕಾನೂನು. ಸಂದರ್ಶನಕ್ಕೆ ಹೋದವರು ಮೊದಲ ಎರಡನ್ನು ಅದಲುಬದಲು ಮಾಡಿದ್ದನ್ನು ಬಹಳ ಸಲ ಕೇಳಿದ್ದೇನೆ. ನಮ್ಮ ವಿಶ್ವೇಶ್ವರ ಹೆಗಡೆ ಕಾಗೇರಿಯವರನ್ನು ನೆನಪಿಟ್ಟುಕೊಂಡರೆ ಇಡೀ ಸಾಲು ತಲೆಗೆ ಹತ್ತುತ್ತದೆ. ಅಂಕೋಲಾದಿಂದ ಮೂರು, ಶಿರಸಿಯಿಂದ ಮೂರು ಸಲ ಗೆದ್ದಾಗ ಲೆಜಿಸ್ಲೇಟರ್. ನಡುವೆ ಶಿಕ್ಷಣ ಇಲಾಖೆ ನೋಡಿಕೊಂಡಾಗ ಮಿನಿಸ್ಟರ್. 2019ರಿಂದ 2023ರ ತನಕ ವಿಧಾನಸಭೆಯ ಸ್ಪೀಕರ್. 2024ರಲ್ಲಿ ಲೋಕಸಭೆಗೆ ಹೋದ ಮೇಲೆ ಪಾರ್ಲಿಮೆಂಟೇರಿಯನ್. ಲಾಮೇಕರ್ ಅನ್ನುವ ಪದ ಈ ಎಲ್ಲ ವರ್ಷಗಳಿಗೂ ಹೊಂದುತ್ತದೆ.

ಅಮೆರಿಕದ ಹಳೆಯ ಸುದ್ದಿಗಳ ತಲೆಬರಹದಲ್ಲಿ, ಫಿಲಿಪ್ಪೀನ್ಸ್ ಪತ್ರಿಕೆಗಳಲ್ಲಿ, ಪದಬಂಧಗಳಲ್ಲಿ ಇನ್ನೊಂದು ಪದ ಸಿಗುತ್ತದೆ: ಸೋಲನ್. ಇದು ಒಬ್ಬ ಮನುಷ್ಯನ ಹೆಸರು. ಕ್ರಿ.ಪೂ. 594ರಲ್ಲಿ ಅಥೆನ್ಸ್‌ನ ಆಡಳಿತ ವಹಿಸಿಕೊಂಡವನು. ಸಾಲ ತೀರಿಸಲಾಗದ ರೈತರನ್ನು ಜೀತಕ್ಕೆ ಮಾರುವ ಪದ್ಧತಿ ಇತ್ತಂತೆ, ಅದನ್ನು ನಿಲ್ಲಿಸಿ ಸಾಲ ರದ್ದು ಮಾಡಿದ. ಅವನ ಕಾನೂನುಗಳನ್ನು ಮರದ ಹಲಗೆಗಳ ಮೇಲೆ ಬರೆದು, ಜನ ತಿರುಗಿಸಿ ಓದುವಂತೆ ಇಟ್ಟಿದ್ದರು. ತಲೆಬರಹದಲ್ಲಿ ಜಾಗ ಕಡಿಮೆ ಇರುವುದರಿಂದ ಈ ಚಿಕ್ಕ ಹೆಸರೇ ಶಾಸಕರಿಗೆಲ್ಲ ಅಡ್ಡಹೆಸರಾಯಿತು. ಕಂಡರೆ ಅರ್ಥ ಮಾಡಿಕೊಳ್ಳಿ, ಆದರೆ ನೀವು ಬಳಸಬೇಡಿ, ಇಲ್ಲಿನ ಓದುಗರಿಗೆ ತಿಳಿಯುವುದಿಲ್ಲ. ಸೋಲನ್‌ನಂತೆ ಒಬ್ಬರೇ ಇಡೀ ಜನಕ್ಕೆ ಕಟ್ಟಳೆ ಕೊಟ್ಟರೆ ಅವರನ್ನು ಲಾಗಿವರ್ ಅನ್ನುತ್ತಾರೆ. ಲಾಮೇಕರ್ ಯಾವತ್ತೂ ಹತ್ತಾರು ಜನರ ನಡುವೆ ಒಂದು ಮತ.

ವ್ಯಾಕರಣ ಜಾಸ್ತಿ ಇಲ್ಲ. ಲಾಮೇಕರ್ ಒಂದೇ ಪದ, ನಡುವೆ ಜಾಗ ಬಿಡಬೇಡಿ, ಅಡ್ಡಗೆರೆಯೂ ಬೇಡ. ಮೊದಲ ಅಕ್ಷರ ಚಿಕ್ಕದು. ಹೆಂಗಸರಿಗೂ ಅದೇ ಪದ. ಕನ್ನಡದಲ್ಲಿ ಶಾಸಕಿ ಅನ್ನುತ್ತೇವೆ, ಇಂಗ್ಲಿಷಿನಲ್ಲಿ ಬದಲಾಗುವುದಿಲ್ಲ. 1952ರಲ್ಲಿ ನಮ್ಮ ಕೆನರಾ ಕ್ಷೇತ್ರದಿಂದ ಜೋಕಿಂ ಆಳ್ವ ಲೋಕಸಭೆಗೆ ಹೋದರು, ಅದೇ ವರ್ಷ ಅವರ ಪತ್ನಿ ವಯೊಲೆಟ್ ಆಳ್ವ ರಾಜ್ಯಸಭೆಗೆ ಹೋದರು. ಇಬ್ಬರಿಗೂ ಸೇರಿ ಒಂದೇ ಪದ ಸಾಕು ಅನ್ನುವುದು ಇದರ ಅನುಕೂಲ. ಮಂಡ್ಯ, ಮೈಸೂರಿನವರು ಬೆಂಗಳೂರಿನ ಕಡೆ ನೋಡುತ್ತಿದ್ದ ಆ ಕಾಲದಲ್ಲಿ ನಮ್ಮ ಜಿಲ್ಲೆಯ ಶಾಸಕರು ಕೂರುತ್ತಿದ್ದುದು ಮುಂಬೈಯಲ್ಲಿ. 1956ರಲ್ಲಷ್ಟೇ ನಾವು ಮೈಸೂರು ರಾಜ್ಯಕ್ಕೆ ಬಂದಿದ್ದು. ಹಳೆಯ ದಾಖಲೆ ಅನುವಾದ ಮಾಡುವವರು ಇದನ್ನು ಮರೆಯಬಾರದು.

ಜೊತೆಗೆ ಬರುವ ವಿಶೇಷಣಗಳಲ್ಲಿ ಬಹಳ ಜನ ಎಡವುತ್ತಾರೆ. ಸಿಟ್ಟಿಂಗ್ ಲಾಮೇಕರ್ ಅಂದರೆ ಕೂತಿರುವ ಶಾಸಕ ಅಲ್ಲ, ಹಾಲಿ ಶಾಸಕ. ಫಾರ್ಮರ್ ಅಂದರೆ ಮಾಜಿ. ಫಸ್ಟ್ ಟೈಮ್ ಅಂದರೆ ಮೊದಲ ಸಲ ಗೆದ್ದವರು. ರೆಬೆಲ್ ಅಂದರೆ ಬಂಡಾಯ ಶಾಸಕ. ಡಿಸ್‌ಕ್ವಾಲಿಫೈಡ್ ಅಂದರೆ ಅನರ್ಹಗೊಂಡವರು, 2019ರಲ್ಲಿ ಯಲ್ಲಾಪುರಕ್ಕೆ ಉಪಚುನಾವಣೆ ಬಂದಾಗ ಈ ಪದ ದಿನಾ ಕೇಳಿದ್ದೆವು. ವೆಲ್ ಅಂದರೆ ಸ್ಪೀಕರ್ ಪೀಠದ ಮುಂದಿನ ಜಾಗ, ಕನ್ನಡ ಪತ್ರಿಕೆಗಳು 'ಸದನದ ಬಾವಿಗಿಳಿದು' ಅಂತಲೇ ಬರೆಯುತ್ತವೆ, ಈಗ ಅದೇ ರೂಢಿಯಾಗಿದೆ. ವಾಕ್‌ಔಟ್ ಅಂದರೆ ಸಭಾತ್ಯಾಗ. ಎಲ್ಲಕ್ಕಿಂತ ಅಪಾಯದ ಪದ ಟೇಬಲ್. ಭಾರತ, ಬ್ರಿಟನ್‌ನಲ್ಲಿ ಬಿಲ್ ಟೇಬಲ್ ಮಾಡಿದರು ಅಂದರೆ ಮಸೂದೆ ಮಂಡಿಸಿದರು. ಅಮೆರಿಕದಲ್ಲಿ ಅದೇ ಮಾತಿಗೆ ಮಸೂದೆಯನ್ನು ಬದಿಗಿಟ್ಟರು ಅಂತ ಅರ್ಥ. ಪೂರ್ತಿ ಉಲ್ಟಾ. ಯಾವ ದೇಶದ ಸುದ್ದಿ ಅಂತ ನೋಡದೆ ಇದನ್ನು ಮುಟ್ಟಲೇಬೇಡಿ.

ಇನ್ನೊಂದು ಪರೀಕ್ಷೆ ಮಾಡಿ: ಈ ನಿಯಮವನ್ನು ನಿಜವಾಗಿ ಮಾಡಿದ್ದು ಯಾರು? ಕಾರವಾರದ ಬೈತಖೋಲ ಬಂದರಿನಲ್ಲಿ ಜೂನ್ 1ರಿಂದ ಜುಲೈ 31ರ ತನಕ ಬೋಟುಗಳು ಸಾಲಾಗಿ ನಿಂತಿರುತ್ತವಲ್ಲ, ಮೀನುಗಾರಿಕೆ ನಿಷೇಧದ 61 ದಿನ. ಅದಕ್ಕೆ ಆಧಾರವಾದ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ 1986ರದು, ಅದನ್ನು ಮಾಡಿದ್ದು ರಾಜ್ಯದ ಶಾಸಕಾಂಗ. ಆದರೆ ಇಂಥ ದಿನದಿಂದ ಇಂಥ ದಿನದವರೆಗೆ ಅನ್ನುವುದು ಸರ್ಕಾರದ ಆದೇಶ. ಸಿಆರ್‌ಜೆಡ್ (ಕರಾವಳಿ ನಿಯಂತ್ರಣ ವಲಯ) ಅಂತ ಕಡಲ ಬದಿಯ ಮನೆಯವರು ಚಿಂತೆ ಮಾಡುವ ನಿಯಮ ಕೇಂದ್ರ ಸಚಿವಾಲಯದ ಅಧಿಸೂಚನೆ. ಅದರ ಹಿಂದೆ 1986ರ ಪರಿಸರ ಸಂರಕ್ಷಣಾ ಕಾಯ್ದೆ ಇದೆ. ಅರಣ್ಯ ಅತಿಕ್ರಮಣದಾರರು ಕಾಗದ ಹಿಡಿದು ಓಡಾಡುವ 2006ರ ಅರಣ್ಯ ಹಕ್ಕು ಕಾಯ್ದೆ ಸಂಸತ್ತು ಮಾಡಿದ್ದು. ಹಾಗಾಗಿ ಆದೇಶ, ಅಧಿಸೂಚನೆಗಳ ಸುದ್ದಿಯಲ್ಲಿ ಲಾಮೇಕರ್‌ಗಳು ನಿಷೇಧ ಹೇರಿದರು ಅಂತ ಬರೆದರೆ ತಪ್ಪಾಗುತ್ತದೆ. ಸದನ ಒಪ್ಪಿದ ಮಸೂದೆಗೂ ರಾಜ್ಯಪಾಲರ ಅಥವಾ ರಾಷ್ಟ್ರಪತಿಗಳ ಅಂಕಿತ ಬಿದ್ದ ಮೇಲೇ ಕಾಯ್ದೆ ಅನ್ನಬೇಕು, ಅಲ್ಲಿಯವರೆಗೆ ಮಸೂದೆ.

ಈ ಪದದ ಬಗ್ಗೆ ನನಗೆ ಇಷ್ಟು ಕಾಳಜಿ ಇರುವುದಕ್ಕೆ ಒಂದು ಕಾರಣ ಇದೆ. ನಮ್ಮ ಕಡೆ ಶಾಸಕರು ಅಂದರೆ ಕಾಲುಸಂಕ ಮಾಡಿಸಿಕೊಡುವವರು, ರಸ್ತೆಗೆ ಡಾಂಬರು ಹಾಕಿಸುವವರು, ಮದುವೆಗೆ ಬಂದು ಹೋಗುವವರು. ಮಳೆಗಾಲದಲ್ಲಿ ಹಳ್ಳ ದಾಟಿ ಶಾಲೆಗೆ ಹೋಗುವ ಮಕ್ಕಳಿರುವ ಊರಿಗೆ ಕಾಲುಸಂಕ ಸಣ್ಣ ವಿಷಯ ಅಲ್ಲ, ಅದನ್ನು ಕೇಳಲೇಬೇಕು. ಆದರೆ ಅವರನ್ನು ಆರಿಸಿ ಕಳಿಸಿದ ಮುಖ್ಯ ಕೆಲಸ ಕಾನೂನು. ಲಾಮೇಕರ್ ಅನ್ನುವ ಇಂಗ್ಲಿಷ್ ಪದ ಅದನ್ನು ಮುಚ್ಚಿಡದೆ ಹೇಳುತ್ತದೆ. ನಮ್ಮ ಶಾಸಕ ಅನ್ನುವ ಪದವೂ ಹೇಳುತ್ತದೆ, ದಿನಾ ಬಳಸಿ ನಮಗೆ ಕೇಳಿಸದಂತಾಗಿದೆ ಅಷ್ಟೇ.

ಅರ್ಜಿ ಬರೆಯುವಾಗ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಅರ್ಜಿಯ ಮೇಲೆ ಲಾಮೇಕರ್ ಅಂತ ಸಂಬೋಧನೆ ಬರೆಯಬೇಡಿ, ಅದು ಹುದ್ದೆಯ ಹೆಸರಲ್ಲ, ಸುದ್ದಿಯ ಪದ. ಇಂಗ್ಲಿಷಿನಲ್ಲಾದರೆ ಮೆಂಬರ್ ಆಫ್ ಲೆಜಿಸ್ಲೇಟಿವ್ ಅಸೆಂಬ್ಲಿ ಅಂತ ಪೂರ್ತಿ ಬರೆದು ಕ್ಷೇತ್ರದ ಹೆಸರು ಹಾಕಿ. ಕನ್ನಡದಲ್ಲಿ 'ಮಾನ್ಯ ಶಾಸಕರು, ಕಾರವಾರ ವಿಧಾನಸಭಾ ಕ್ಷೇತ್ರ' ಅಂದರೆ ಸಾಕು. ಆಮೇಲೆ ಏನು ಬೇಕು ಅನ್ನುವುದನ್ನು ಅವರ ಕುರ್ಚಿಗೆ ತಕ್ಕಂತೆ ಕೇಳಿ. ಚರಂಡಿ ಕಟ್ಟಿದ್ದರೆ ಮೊದಲು ಪಂಚಾಯಿತಿಗೆ ಕೊಡಿ. ಕಾಯ್ದೆ ಬದಲಾಗಬೇಕಿದ್ದರೆ, ಅಥವಾ ಸರ್ಕಾರದಿಂದ ಉತ್ತರ ಬೇಕಿದ್ದರೆ, ಶಾಸಕರಿಗೆ ಕೊಡಿ. ಅವರು ಸದನದಲ್ಲಿ ಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಬಾಯಲ್ಲಿ ಉತ್ತರ ಕೊಡಬೇಕು, ಚುಕ್ಕೆ ಇಲ್ಲದಿದ್ದರೆ ಬರಹದಲ್ಲಿ. ಮಂತ್ರಿಯಲ್ಲದ ಯಾವ ಸದಸ್ಯರೂ ಖಾಸಗಿ ಮಸೂದೆ ತರಬಹುದು. ಸಂಸತ್ತಿನಲ್ಲಿ ಅಂಥ ಮಸೂದೆ ಕಾಯ್ದೆಯಾಗಿದ್ದು 14 ಸಲ ಮಾತ್ರ, ಕೊನೆಯದು 1970ರಲ್ಲಿ. ಪಾಸಾಗುವುದು ಅಪರೂಪ, ಆದರೂ ತಂದಾಗ ವಿಷಯ ದಾಖಲೆಗೆ ಹೋಗುತ್ತದೆ.

ಕಳೆದ ವರ್ಷ ಅಂಕೋಲಾ ಕಡೆಯ ಮೀನುಗಾರರೊಬ್ಬರು ಅರ್ಜಿ ಬರೆಸಿಕೊಳ್ಳಲು ಬಂದಿದ್ದರು. ಮಗಳು ಜೊತೆಗಿದ್ದಳು. ರಜೆಯ ಎರಡು ತಿಂಗಳಲ್ಲಿ ತಮ್ಮಂಥ ಸಣ್ಣ ದೋಣಿಯವರಿಗೆ ಏನು ಸಹಾಯ ಅನ್ನುವುದು ಅವರ ಪ್ರಶ್ನೆ. 'ಸಹಾಯ ಮಾಡಿ ಅಂತ ಬರೀರಿ' ಅಂದರು. ನಾನು ಹಾಗೇ ಬರೆದು, ಕೆಳಗೆ ಇನ್ನೊಂದು ಸಾಲು ಸೇರಿಸಿ ಓದಿ ಹೇಳಿದೆ: 'ಈ ವಿಷಯವನ್ನು ಮುಂದಿನ ಅಧಿವೇಶನದಲ್ಲಿ ಪ್ರಶ್ನೆಯಾಗಿ ಕೇಳಿ, ಸರ್ಕಾರದ ಉತ್ತರದ ಪ್ರತಿಯನ್ನು ನಮಗೆ ಕಳಿಸಿಕೊಡಬೇಕು.' ಅವರು ಹಾಳೆ ಇಸಿದುಕೊಂಡು ಮಗಳ ಕೈಗೆ ಕೊಟ್ಟು, ಆ ಸಾಲನ್ನು ಇನ್ನೊಮ್ಮೆ ಓದಿಸಿಕೊಂಡರು. ಆಮೇಲೆ ಸಹಿ ಹಾಕಿದರು.